ಕನ್ಸೋಲ್‌ನಿಂದ ಪಿಸಿಗೆ ಬಂದ ಆಟಗಳು: ಮೌಸ್ ಹಿಡಿಯೋದಾ, ಗೇಮ್‌ಪ್ಯಾಡ್ ಹಿಡಿಯೋದಾ?

ಕನ್ಸೋಲ್‌ಗೆ, ಅಂದರೆ ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಶನ್, ಎಕ್ಸ್‌ಬಾಕ್ಸ್‌ನಂಥ ಪೆಟ್ಟಿಗೆಗೆ ಅಂತ ಮಾಡಿ ಆಮೇಲೆ ಪಿಸಿಗೆ ತಂದ ಆಟ (ಹೀಗೆ ತರೋದಕ್ಕೆ ಪೋರ್ಟ್ ಅನ್ನುತ್ತಾರೆ) ಕೈಗೆ ಬಂದರೆ ಹೆಚ್ಚಿನವರು ಮೊದಲು ಗ್ರಾಫಿಕ್ಸ್ ಸೆಟ್ಟಿಂಗ್ಸ್ ತೆಗೆಯುತ್ತಾರೆ. ನೆರಳು ಎಷ್ಟಿಡಬೇಕು, ಟೆಕ್ಸ್ಚರ್ ಎಷ್ಟಿಡಬೇಕು, ಫ್ರೇಮ್ ಎಷ್ಟು ಬರುತ್ತಿದೆ, ಇದೇ ಲೆಕ್ಕ. ನಾನು ಕಂಟ್ರೋಲ್ಸ್ ಪುಟ ತೆಗೆಯುತ್ತೇನೆ. ಪೋರ್ಟ್ ಮಾಡಿದವರು ಒಂದು ಸಲವಾದರೂ ಮೌಸ್ ಹಿಡಿದು ಈ ಆಟ ಆಡಿದ್ದಾರಾ ಅನ್ನೋದು ಅಲ್ಲೇ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಮೌಸ್ ಸೆನ್ಸಿಟಿವಿಟಿಗೆ ಹತ್ತೇ ಮೆಟ್ಟಿಲು ಇದೆಯಾ? ಗುರಿ ಇಡುವಾಗಿನ ವೇಗಕ್ಕೆ ಬೇರೆ ಸ್ಲೈಡರ್ ಇಲ್ಲವಾ? ಕೀಗಳನ್ನು ಬದಲಾಯಿಸೋಕೆ ಹೋದರೆ ಅರ್ಧ ಕೀಗಳಿಗೆ ಬೀಗ ಹಾಕಿದ್ದಾರಾ? ಹಾಗಿದ್ದರೆ ಮುಂದೇನು ಕಾದಿದೆ ಅಂತ ಊಹಿಸಬಹುದು.

ಇದು ಯಾವುದೋ ಒಂದು ಆಟದ ವಿಮರ್ಶೆ ಅಲ್ಲ, ಎರಡು ಬಗೆಯ ಕಂಟ್ರೋಲ್‌ನ ವಿಮರ್ಶೆ. ಯಾವುದು ಮೇಲು ಅನ್ನೋ ಜಗಳ ಹಳೆಯದು, ಎರಡೂ ಕಡೆಯವರು ಹೇಳೋದರಲ್ಲಿ ನಿಜ ಇದೆ. ಆದರೆ ಆ ಜಗಳದಲ್ಲಿ ಒಂದು ವಿಷಯ ತಪ್ಪಿಹೋಗುತ್ತದೆ. ಕೆಟ್ಟ ಪೋರ್ಟ್‌ನಲ್ಲಿ ನೀವು ಮೌಸ್ ಹಿಡಿದಿದ್ದರೂ ಆಟದ ಪಾಲಿಗೆ ಅದು ಮೌಸ್ ಆಗಿರೋದೇ ಇಲ್ಲ. ಅಂಥ ಆಟ ಆಡಿ "ಮೌಸ್ ಸರಿ ಇಲ್ಲ, ಪ್ಯಾಡೇ ಬೇಕು" ಅಂತ ತೀರ್ಪು ಕೊಟ್ಟರೆ ಪಾಪ, ಮೌಸ್ ಏನು ಮಾಡೀತು?

ಇದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೌಸ್ ಹೇಳೋದು "ಇಷ್ಟು ದೂರ ತಿರುಗು" ಅಂತ. ಸ್ಟಿಕ್, ಅಂದರೆ ಗೇಮ್‌ಪ್ಯಾಡ್ ಮೇಲೆ ಹೆಬ್ಬೆರಳಿನಿಂದ ವಾಲಿಸೋ ಪುಟ್ಟ ಕಡ್ಡಿ, ಹೇಳೋದು "ಇಷ್ಟು ವೇಗದಲ್ಲಿ ತಿರುಗುತ್ತಾ ಇರು" ಅಂತ. ಸ್ಟಿಕ್ ಅನ್ನು ಒಂದು ಪಕ್ಕಕ್ಕೆ ಪೂರ್ತಿ ತಳ್ಳಿ ಹಿಡಿದರೆ ಕ್ಯಾಮೆರಾ ಸುತ್ತುತ್ತಲೇ ಇರುತ್ತದೆ, ಬೆರಳು ಬಿಟ್ಟಾಗ ನಿಲ್ಲುತ್ತದೆ. ಮೌಸ್ ಎರಡು ಇಂಚು ಸರಿಸಿದರೆ ಕ್ಯಾಮೆರಾ ಎರಡು ಇಂಚಿಗೆ ತಕ್ಕಷ್ಟು ತಿರುಗಿ ನಿಂತುಬಿಡಬೇಕು. ಬೇಗ ಸರಿಸಿದರೆ ಬೇಗ, ನಿಧಾನ ಸರಿಸಿದರೆ ನಿಧಾನ, ತಲುಪುವ ಜಾಗ ಮಾತ್ರ ಒಂದೇ. ಈ ಎರಡೂ ಬೇರೆ ಬೇರೆ ಲೆಕ್ಕ. ಆಟದ ಒಳಗಿನ ಕ್ಯಾಮೆರಾವನ್ನು ಪೂರ್ತಿ ಸ್ಟಿಕ್‌ಗೆ ಅಂತಲೇ ಬರೆದಿರುತ್ತಾರೆ, ಪಿಸಿಗೆ ತರುವಾಗ ಅದನ್ನು ಬಿಚ್ಚಿ ಮತ್ತೆ ಕಟ್ಟೋಕೆ ಸಮಯ ಇರೋದಿಲ್ಲ. ಆಗ ಕಾಟಾಚಾರಕ್ಕೆ ಒಂದು ದಾರಿ ಹುಡುಕುತ್ತಾರೆ: ಮೌಸ್ ಎಷ್ಟು ವೇಗದಲ್ಲಿ ಸರಿಯಿತು ಅಂತ ನೋಡಿ, ಅದನ್ನು ಬಲಗಡೆ ಸ್ಟಿಕ್ ಇಷ್ಟು ವಾಲಿದೆ ಅಂತ ಆಟಕ್ಕೆ ಹೇಳಿಬಿಡೋದು. ಕೆಲಸ ಮುಗಿಯಿತು, ಪೆಟ್ಟಿಗೆ ಮೇಲೆ ಮೌಸ್‌ಗೂ ಜಾಗ ಸಿಕ್ಕಿತು.

ಇದರ ಫಲ ಏನು? ಮೊದಲನೆಯದು, ಸ್ಟಿಕ್‌ಗೆ ಒಂದು ಗರಿಷ್ಠ ವೇಗ ಇರುತ್ತದೆ. ಹಿಂದಿನಿಂದ ಯಾರೋ ಬಂದರು ಅಂತ ಮೌಸ್ ಅನ್ನು ಜೋರಾಗಿ ಎಳೆದರೂ ಕ್ಯಾಮೆರಾ ಅದೇ ತನ್ನ ವೇಗದಲ್ಲಿ, ಆರಾಮಾಗಿ ತಿರುಗುತ್ತದೆ. ನಿಮ್ಮ ಕೈ ಆಗಲೇ ಮ್ಯಾಟ್‌ನ ಅಂಚು ಮುಟ್ಟಿರುತ್ತದೆ. ಎರಡನೆಯದು ಡೆಡ್ ಝೋನ್. ಬೆರಳು ಬಿಟ್ಟ ಮೇಲೆ ಸ್ಟಿಕ್ ಪಕ್ಕಾ ನಡುವಿಗೆ ಬಂದು ನಿಲ್ಲೋದಿಲ್ಲ, ಚೂರು ಆಚೆ ಈಚೆ ಇರುತ್ತದೆ. ಅದಕ್ಕೇ ನಡುವಿನ ಒಂದಿಷ್ಟು ಜಾಗವನ್ನು ಆಟ ಲೆಕ್ಕಕ್ಕೆ ತೆಗೆದುಕೊಳ್ಳೋದಿಲ್ಲ. ಪ್ಯಾಡ್‌ನ ಮಾತನ್ನು ಪಿಸಿ ಆಟಕ್ಕೆ ತಲುಪಿಸುವ ಮೈಕ್ರೋಸಾಫ್ಟ್‌ನ ಎಕ್ಸ್‌ಇನ್‌ಪುಟ್ ಪದ್ಧತಿಯಲ್ಲಿ ಸ್ಟಿಕ್‌ನ ಬೆಲೆ ಒಂದು ಪಕ್ಕಕ್ಕೆ 32767ರವರೆಗೆ ಹೋಗುತ್ತದೆ. ಅವರೇ ಸೂಚಿಸಿರುವ ಡೆಡ್ ಝೋನ್ ಎಡ ಸ್ಟಿಕ್‌ಗೆ 7849, ಬಲ ಸ್ಟಿಕ್‌ಗೆ 8689. ಅಂದರೆ ಬಲ ಸ್ಟಿಕ್‌ನ ಓಟದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಲೆಕ್ಕಕ್ಕೇ ಇಲ್ಲ. ಸ್ಟಿಕ್‌ಗೆ ಇದು ಸರಿ, ಬೇಕೇ ಬೇಕು. ಆದರೆ ಮೌಸ್ ಅನ್ನೂ ಇದೇ ದಾರಿಯಲ್ಲಿ ಕಳಿಸಿದರೆ ಏನಾಗುತ್ತದೆ ನೋಡಿ. ದೂರದಲ್ಲಿರುವವನ ತಲೆಗೆ ಗುರಿ ಇಟ್ಟಿದ್ದೀರಿ, ಕೂದಲೆಳೆಯಷ್ಟು ಬಲಕ್ಕೆ ಬರಬೇಕು. ಮೌಸ್ ಮೆಲ್ಲಗೆ ಸರಿಸುತ್ತೀರಿ, ಏನೂ ಆಗೋದಿಲ್ಲ. ಇನ್ನೂ ಸ್ವಲ್ಪ, ಏನೂ ಇಲ್ಲ. ಇನ್ನೊಂಚೂರು ಅಂತ ತಳ್ಳುತ್ತೀರಿ, ಗುರಿ ಒಮ್ಮೆಲೇ ಜಿಗಿದು ಅವನ ತಲೆ ದಾಟಿ ಪಕ್ಕದ ಗೋಡೆಗೆ ಹೋಗಿ ನಿಲ್ಲುತ್ತದೆ.

ಇದನ್ನು ಪರೀಕ್ಷಿಸೋಕೆ ಯಾವ ಸಾಫ್ಟ್‌ವೇರೂ ಬೇಡ. ಆಟದಲ್ಲಿ ಒಂದು ಕಂಬ ಅಥವಾ ಗೋಡೆಯ ಮೂಲೆ ನೋಡಿ ನಿಂತುಕೊಳ್ಳಿ. ಮೌಸ್ ಅನ್ನು ಮ್ಯಾಟ್‌ನ ಎಡ ಅಂಚಿಂದ ಬಲ ಅಂಚಿಗೆ ತುಂಬಾ ನಿಧಾನವಾಗಿ ಎಳೆಯಿರಿ. ಆಮೇಲೆ ಅದೇ ದೂರ ಜೋರಾಗಿ ವಾಪಸ್ ಎಳೆಯಿರಿ. ಗುರಿ ಅದೇ ಕಂಬಕ್ಕೆ ಹೆಚ್ಚು ಕಮ್ಮಿ ಬಂದು ನಿಂತರೆ ಅದು ನಿಜವಾದ ಮೌಸ್. ಸಿಕ್ಕಾಪಟ್ಟೆ ದೂರ ಹೋಗಿದ್ದರೆ ಅಲ್ಲಿ ಆಕ್ಸಲರೇಶನ್ ಇದೆ, ಅಂದರೆ ಬೇಗ ಸರಿಸಿದಷ್ಟೂ ಹೆಚ್ಚು ದೂರ ತಿರುಗುತ್ತದೆ. ಅರ್ಧ ದಾರಿಯಲ್ಲೇ ನಿಂತಿದ್ದರೆ ಗರಿಷ್ಠ ವೇಗದ ಬೇಲಿ ಇದೆ. ಇನ್ನೊಂದು, ಮೌಸ್‌ನಿಂದ ಓರೆಯಾಗಿ ನಿಧಾನಕ್ಕೆ ಒಂದು ಗೆರೆ ಎಳೆಯಿರಿ. ಗುರಿ ನೇರವಾಗಿ ಹೋಗದೆ ಮೆಟ್ಟಿಲು ಹತ್ತಿದ ಹಾಗೆ ಹೋದರೆ ಡೆಡ್ ಝೋನ್ ಉಳಿಸಿಕೊಂಡಿದ್ದಾರೆ ಅಂತಲೇ ಅರ್ಥ.

ಪಿಸಿ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡಿದ್ದರೆ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಹಾಗಾಗಿ ಈ ಪರೀಕ್ಷೆ ಮೊದಲ ಅರ್ಧ ಗಂಟೆಯಲ್ಲೇ ಮುಗಿಸಿಬಿಡಿ. ಒಂದು ಎಚ್ಚರಿಕೆ: ಈಗಿನ ಕೆಲವು ಪೋರ್ಟ್‌ಗಳು ಮೊದಲ ಸಲ ತೆರೆದಾಗ ಶೇಡರ್ ಕಂಪೈಲ್ (ಚಿತ್ರ ಮೂಡಿಸುವ ಪುಟ್ಟ ಪ್ರೋಗ್ರಾಂಗಳನ್ನು ನಿಮ್ಮ ಗ್ರಾಫಿಕ್ಸ್ ಕಾರ್ಡಿಗೆ ತಕ್ಕಂತೆ ಸಿದ್ಧ ಮಾಡೋದು) ಮಾಡುತ್ತಾ ಕೂರುತ್ತವೆ, ಆ ಹೊತ್ತೂ ಆಡಿದ ಸಮಯದ ಲೆಕ್ಕಕ್ಕೇ ಸೇರುತ್ತದೆ. ಹಾಗೇ, ಮೊದಲ ಅರ್ಧ ಗಂಟೆ ಬರೀ ಕಥೆಯ ದೃಶ್ಯಗಳನ್ನೇ ತೋರಿಸಿ, ಬಂದೂಕು ಕೈಗೆ ಕೊಡೋದು ಎರಡು ಗಂಟೆ ಹತ್ತಿರ ಬಂದಾಗ ಅನ್ನೋ ಆಟಗಳೂ ಇವೆ. ಅದಕ್ಕೇನೂ ಮಾಡೋಕೆ ಆಗಲ್ಲ.

ಹಳೆಯ ಉದಾಹರಣೆಗಳನ್ನು ನೋಡಿದರೆ ಎಲ್ಲಿಂದ ಎಲ್ಲಿಗೆ ಬಂದಿದ್ದೇವೆ ಅಂತ ಗೊತ್ತಾಗುತ್ತದೆ. ರೆಸಿಡೆಂಟ್ ಈವಿಲ್ 4 ಪಿಸಿಗೆ 2007ರಲ್ಲಿ ಬಂತು. ಬಂದೂಕಿನ ಆಟ, ಆದರೆ ಮೌಸ್ ಬೆಂಬಲವೇ ಇರಲಿಲ್ಲ. ಕೀಬೋರ್ಡ್‌ನ ಕೀ ಒತ್ತಿ ಒತ್ತಿ ಗುರಿಯನ್ನು ಮೇಲೆ ಕೆಳಗೆ ಸರಿಸಬೇಕು. ಅಭಿಮಾನಿಗಳೇ ಮೌಸ್‌ಗೆ ಮಾಡ್, ಅಂದರೆ ಆಟವನ್ನು ಬದಲಿಸುವ ಹೊರಗಿನ ಪ್ರೋಗ್ರಾಂ, ಬರೆದುಕೊಂಡರು. ತಮಾಷೆ ಏನು ಅಂದರೆ ಅದೇ ವರ್ಷ ಅದೇ ಆಟ ನಿಂಟೆಂಡೊದ ವೀ ಅನ್ನೋ ಕನ್ಸೋಲ್‌ಗೂ ಬಂತು. ಅಲ್ಲಿ ರಿಮೋಟ್ ಅನ್ನು ಪರದೆ ಕಡೆ ತೋರಿಸಿದರೆ ಗುರಿ ಅಲ್ಲಿಗೇ ಹೋಗುತ್ತಿತ್ತು, ಆಡಿದವರೆಲ್ಲ ಮೆಚ್ಚಿಕೊಂಡರು. ಅಂದರೆ ತೋರಿಸಿ ಹೊಡೆಯೋ ಪದ್ಧತಿಗೆ ಆ ಆಟ ಚೆನ್ನಾಗಿಯೇ ಒಗ್ಗುತ್ತಿತ್ತು, ತೋರಿಸೋಕೆ ಅಂತಲೇ ಹುಟ್ಟಿದ ಸಾಧನ ಇದ್ದ ಪಿಸಿಯಲ್ಲಿ ಮಾತ್ರ ಅದಕ್ಕೆ ಅವಕಾಶ ಕೊಡಲಿಲ್ಲ. 2014ರ ಪಿಸಿ ಆವೃತ್ತಿಯಲ್ಲಿ ಮೌಸ್ ಬಂತು. 2023ರ ರೀಮೇಕ್‌ನಲ್ಲಂತೂ ಮೌಸ್ ಹಿಡಿದರೆ ಗುರಿ ಹೇಳಿದ ಮಾತು ಕೇಳುತ್ತದೆ.

ಡೆಡ್ ಸ್ಪೇಸ್, 2008ರದ್ದು, ಇನ್ನೊಂದು ಥರ. ಮೌಸ್ ಇತ್ತು, ಆದರೆ ಜೇನುತುಪ್ಪದಲ್ಲಿ ಅದ್ದಿ ತೆಗೆದ ಹಾಗೆ. ಕೈ ನಿಂತ ಮೇಲೂ ಗುರಿ ಹಿಂದಿನಿಂದ ತೇಲಿಕೊಂಡು ಬರುತ್ತಿತ್ತು. ಇದಕ್ಕೆ ದೊಡ್ಡ ಕಾರಣ ಆಟದ ಒಳಗಿನ ವಿ-ಸಿಂಕ್, ಅಂದರೆ ಆಟದ ಫ್ರೇಮ್‌ಗಳನ್ನು ಪರದೆಯ ಲಯಕ್ಕೆ ಹೊಂದಿಸುವ ಸೆಟ್ಟಿಂಗ್. ಅದನ್ನು ಆಟದಲ್ಲಿ ಆಫ್ ಮಾಡಿ, ಬೇಕಿದ್ದರೆ ಗ್ರಾಫಿಕ್ಸ್ ಡ್ರೈವರ್‌ನಿಂದ ಆನ್ ಮಾಡಿಕೊಂಡರೆ ಎಷ್ಟೋ ವಾಸಿ. ಈ ಉಪಾಯ ಈಗಲೂ ಹಳೆಯ ಪೋರ್ಟ್‌ಗಳಲ್ಲಿ ನಾನು ಮೊದಲು ಮಾಡಿ ನೋಡೋದು. ಫ್ರೇಮ್‌ಗೂ ಇದಕ್ಕೂ ಸಂಬಂಧ ಇದೆ. ಸೆಕೆಂಡಿಗೆ 30 ಫ್ರೇಮ್ ಬಂದರೆ ಒಂದೊಂದು ಚಿತ್ರಕ್ಕೆ 33 ಮಿಲಿಸೆಕೆಂಡ್, 60ರಲ್ಲಿ ಅದರ ಅರ್ಧ. ಪ್ಯಾಡ್ ಹಿಡಿದವರಿಗೆ 30 ಫ್ರೇಮ್ ಹೇಗೋ ನಡೆಯುತ್ತದೆ, ಯಾಕೆಂದರೆ ಸ್ಟಿಕ್ ಅನ್ನು ತಳ್ಳಿದ ಮೇಲೆ ಕ್ಯಾಮೆರಾ ನಿಧಾನಕ್ಕೆ ವೇಗ ಹಿಡಿಯೋದು ಸಹಜ ಅನಿಸುತ್ತದೆ. ಮೌಸ್‌ನಲ್ಲಿ ಕೈ ಮತ್ತು ಕಣ್ಣಿನ ನಡುವೆ ಆ ಚೂರು ತಡ ಆದರೂ ಕಿರಿಕಿರಿ ಶುರು.

ಇನ್ನು ಡಾರ್ಕ್ ಸೋಲ್ಸ್. 2012ರಲ್ಲಿ ಪಿಸಿಗೆ ಬಂದಾಗ 30 ಫ್ರೇಮ್‌ಗೆ ಕಟ್ಟಿಹಾಕಿದ್ದರು, ನಿಮ್ಮ ಪರದೆ ಎಷ್ಟೇ ದೊಡ್ಡದಿರಲಿ ಒಳಗೆ ಚಿತ್ರ ಮೂಡುತ್ತಿದ್ದದ್ದು 1024 x 720ರಲ್ಲಿ. ಡಿಎಸ್‌ಫಿಕ್ಸ್ ಅನ್ನೋ ಮಾಡ್ ಬಿಡುಗಡೆಯ ದಿನವೇ ಬಂದು ಚಿತ್ರದ ಸಮಸ್ಯೆ ಬಗೆಹರಿಸಿತು. ಕಂಟ್ರೋಲ್‌ನ ಗೋಳು ಮಾತ್ರ ಉಳಿಯಿತು. ಕೀಬೋರ್ಡ್‌ನಲ್ಲಿ ಆಡುತ್ತಿದ್ದರೂ ಪರದೆ ಮೇಲೆ ಎಕ್ಸ್‌ಬಾಕ್ಸ್ ಬಟನ್‌ಗಳ ಚಿತ್ರ. "ಎ ಒತ್ತಿ" ಅಂತ ಬರುತ್ತದೆ, ನೀವು ಕೀಬೋರ್ಡ್‌ನ ಎ ಒತ್ತಿದರೆ ಪಾತ್ರ ಎಡಕ್ಕೆ ನಡೆದು ಪ್ರಪಾತಕ್ಕೆ ಬೀಳುತ್ತದೆ! ಎರಡನೇ ಭಾಗ 2014ರಲ್ಲಿ ಬಂದಾಗ ಇನ್ನೊಂದು ಹೊಸ ಪಜೀತಿ. ಒಂದು ಕ್ಲಿಕ್‌ಗೆ ಒಂದು ಕೆಲಸ, ಡಬಲ್ ಕ್ಲಿಕ್‌ಗೆ ಇನ್ನೊಂದು ಕೆಲಸ ಕೊಟ್ಟಿದ್ದರು. ಆಗ ಆಟಕ್ಕೆ ನೀವು ಒಮ್ಮೆ ಒತ್ತಿದಿರಾ ಎರಡು ಸಲ ಒತ್ತುತ್ತೀರಾ ಅಂತ ಕಾದು ನೋಡಲೇಬೇಕು. ಕಾಯುವ ಆ ಗಳಿಗೆಯಷ್ಟು ತಡವಾಗಿ ಕತ್ತಿ ಬೀಸುತ್ತದೆ. ಒಂದು ಗಳಿಗೆ ತಡವಾದರೆ ಸಾಯೋ ಆಟದಲ್ಲಿ ಇದು! ಈ ಸರಣಿಗೆ ನನ್ನ ಸಲಹೆ ಸೀದಾ: ಪ್ಯಾಡ್ ಹಿಡಿಯಿರಿ. ಇಲ್ಲಿ ಗುರಿ ಇಡೋ ಕೆಲಸ ಕಮ್ಮಿ. ಶತ್ರುವಿನ ಮೇಲೆ ಕ್ಯಾಮೆರಾ ಲಾಕ್ ಮಾಡಿ ಅವನ ಸುತ್ತ ಸುತ್ತೋ ಕೆಲಸ ಜಾಸ್ತಿ, ಅದಕ್ಕೆ ಎಡ ಸ್ಟಿಕ್ ಹೇಳಿ ಮಾಡಿಸಿದ್ದು. ಕೀಬೋರ್ಡ್‌ನಲ್ಲೇ ಪೂರ್ತಿ ಮುಗಿಸಿದವರು ಬೇಕಾದಷ್ಟು ಜನ ಇದ್ದಾರೆ, ಅವರ ತಾಳ್ಮೆ ದೊಡ್ಡದು.

ಪರದೆ ಮೇಲಿನ ಬಟನ್ ಚಿತ್ರಗಳ ವಿಷಯಕ್ಕೆ ಬಂದರೆ ಅಸ್ಯಾಸಿನ್ಸ್ ಕ್ರೀಡ್ 2 ನೆನಪಾಗದೆ ಇರೋದಿಲ್ಲ. ಅದರಲ್ಲಿ ಕೀ ಹೆಸರಿನ ಬದಲು ತಲೆ, ಕೈ, ಕಾಲಿನ ಚಿತ್ರ ತೋರಿಸುತ್ತಿದ್ದರು. ಪ್ಯಾಡ್‌ನಲ್ಲಿ ಮೇಲಿನ ಬಟನ್ ತಲೆ, ಕೆಳಗಿನದು ಕಾಲು ಅಂತ ಕೂಡಲೇ ಹೊಳೆಯುತ್ತದೆ. ಕೀಬೋರ್ಡ್‌ನಲ್ಲಿ ತಲೆ ಎಲ್ಲಿದೆ, ಕಾಲು ಎಲ್ಲಿದೆ? ಕಥೆ ನಡುವೆ ಒಂದು ಸೆಕೆಂಡ್ ಮಿಂಚಿ ಹೋಗೋ ಕೈ ಚಿತ್ರ ನೋಡಿ ಯಾವ ಕೀ ಅಂತ ತಡಕಾಡೋದರೊಳಗೆ ಅವಕಾಶ ಕೈ ತಪ್ಪಿರುತ್ತದೆ. ಈಗಿನ ಒಳ್ಳೆಯ ಪೋರ್ಟ್‌ಗಳಲ್ಲಿ ನೀವು ಕೊನೆಯದಾಗಿ ಮುಟ್ಟಿದ ಸಾಧನ ಯಾವುದೋ ಅದರ ಚಿತ್ರವೇ ಆ ಕ್ಷಣಕ್ಕೆ ಬರುತ್ತದೆ. ಪ್ಲೇಸ್ಟೇಶನ್ ಪ್ಯಾಡ್ ಹಾಕಿದರೆ ವೃತ್ತ-ಚೌಕ, ಎಕ್ಸ್‌ಬಾಕ್ಸ್‌ನದಾದರೆ ಎ-ಬಿ. ಇದೊಂದು ಸಣ್ಣ ಮರ್ಯಾದೆ, ಆದರೆ ಇದನ್ನು ಮಾಡಿದವರು ಉಳಿದದ್ದನ್ನೂ ಸಾಮಾನ್ಯವಾಗಿ ಸರಿಯಾಗಿ ಮಾಡಿರುತ್ತಾರೆ ಅಂತ ನನ್ನ ಅನುಭವ.

ಇಷ್ಟೊತ್ತೂ ಕ್ಯಾಮೆರಾ ಮತ್ತು ಗುರಿಯ ಮಾತು. ನಡಿಗೆಯಲ್ಲಿ ಲೆಕ್ಕ ತಿರುಗಾ ಮುರುಗಾ ಆಗುತ್ತದೆ, ಇಲ್ಲಿ ಸೋಲೋದು ಕೀಬೋರ್ಡ್. ಡಬ್ಲ್ಯೂ, ಎ, ಎಸ್, ಡಿ ನಾಲ್ಕು ಕೀ ಸೇರಿಸಿ ಒತ್ತಿದರೂ ಸಿಗೋದು ಎಂಟೇ ದಿಕ್ಕು. ವೇಗ ಅಂತೂ ಎರಡೇ: ನಿಂತಿದ್ದೀರಿ ಅಥವಾ ಓಡುತ್ತಿದ್ದೀರಿ, ಹೆಚ್ಚೆಂದರೆ ಇನ್ನೊಂದು ಕೀ ಒತ್ತಿ ನಡೆಯಬಹುದು. ಪಾತ್ರದ ಹಿಂದೆಯೇ ಕ್ಯಾಮೆರಾ ಇರುವ ಆಟದಲ್ಲಿ ಮೌಸ್‌ನಿಂದ ದಿಕ್ಕು ಸರಿಮಾಡಿಕೊಂಡು ಹೇಗೋ ಸುಧಾರಿಸಬಹುದು. ಕ್ಯಾಮೆರಾ ಒಂದೇ ಕಡೆ ನಿಂತಿರುವ ಆಟದಲ್ಲಿ, ಕಿರಿದಾದ ಹಲಗೆ ಮೇಲೆ ಓರೆಯಾಗಿ ನಡೆಯಬೇಕಾದಾಗ ನೋಡಿ ಪೇಚಾಟ. ಇನ್ನು ಯಾವುದೋ ಪಾತ್ರ "ಬಾ, ನಡೆಯುತ್ತಾ ಮಾತಾಡೋಣ" ಅಂತ ಕರೆದುಕೊಂಡು ಹೋಗೋ ದೃಶ್ಯ ಇರುತ್ತದಲ್ಲ, ಅದು ಇನ್ನೂ ಮಜಾ. ಅವನ ವೇಗ ನಿಮ್ಮ ನಡಿಗೆಗಿಂತ ಜಾಸ್ತಿ, ಓಟಕ್ಕಿಂತ ಕಮ್ಮಿ. ಓಡಿದರೆ ಅವನ ಬೆನ್ನಿಗೆ ಡಿಕ್ಕಿ, ನಡೆದರೆ ಹಿಂದೆ ಉಳಿಯುತ್ತೀರಿ, ಅವನು ನಿಂತು ಮಾತೇ ನಿಲ್ಲಿಸುತ್ತಾನೆ. ಸ್ಟಿಕ್ ಇದ್ದವರು ಮುಕ್ಕಾಲು ಭಾಗ ತಳ್ಳಿ ಹಿಡಿದು ಆರಾಮಾಗಿ ಜೊತೆಗೆ ಹೋಗುತ್ತಾರೆ. ಕೆಲವು ಆಟಗಳು ಜೊತೆಗಿದ್ದಾಗ ಒಂದು ಕೀ ಹಿಡಿದರೆ ಅವನ ವೇಗಕ್ಕೇ ಹೊಂದಿಕೊಳ್ಳುವ ಹಾಗೆ ಮಾಡಿವೆ. ಕೀಬೋರ್ಡ್‌ನವರ ಬಗ್ಗೆ ಯೋಚನೆ ಮಾಡಿದ್ದಾರೆ ಅನ್ನೋಕೆ ಅದೊಂದು ಗುರುತು.

ಗಾಡಿ ಓಡಿಸೋದರಲ್ಲೂ ಇದೇ ಕಥೆ. ಎಕ್ಸ್‌ಬಾಕ್ಸ್ ಪ್ಯಾಡ್‌ನ ಟ್ರಿಗ್ಗರ್ (ತೋರುಬೆರಳಿಗೆ ಸಿಗೋ, ಒಳಕ್ಕೆ ಎಳೆಯೋ ಬಟನ್) 0ಯಿಂದ 255ರವರೆಗೆ ಬೆಲೆ ಕೊಡುತ್ತದೆ, ಅಂದರೆ ಆಕ್ಸಿಲರೇಟರ್ ಅನ್ನು ಎಷ್ಟು ಬೇಕೋ ಅಷ್ಟೇ ಒತ್ತಬಹುದು. ಕೀಗೆ ಅದೆಲ್ಲ ಇಲ್ಲ, ಒತ್ತಿದರೆ ಪೂರ್ತಿ, ಬಿಟ್ಟರೆ ಸೊನ್ನೆ. ಒದ್ದೆ ರಸ್ತೆಯಲ್ಲಿ ತಿರುವು ಬಂದಾಗ ಕೀಬೋರ್ಡ್‌ನವರು ಕೀಯನ್ನು ಟಕಟಕ ಅಂತ ಕುಟ್ಟಬೇಕು. ರೇಸಿಂಗ್ ಆಟ ಮಾಡುವವರಿಗೆ ಇದು ಗೊತ್ತು. ಅದಕ್ಕೇ ಕೆಲವರು ಕೀ ಹಿಡಿದಷ್ಟು ಹೊತ್ತೂ ಸ್ಟೀರಿಂಗ್ ಸ್ವಲ್ಪ ಸ್ವಲ್ಪವೇ ತಿರುಗುವ ಹಾಗೆ ಮಾಡಿರುತ್ತಾರೆ. ಆಡಬಹುದು, ಆದರೆ ಗೇರ್, ಹ್ಯಾಂಡ್‌ಬ್ರೇಕ್, ಸ್ಟೀರಿಂಗ್ ಒಟ್ಟಿಗೆ ಒತ್ತುವಾಗ ಅಗ್ಗದ ಕೀಬೋರ್ಡ್ ಕೈಕೊಡುತ್ತದೆ. ಕೆಲವು ಮೂರು ಕೀಗಳನ್ನು ಒಟ್ಟಿಗೆ ಒತ್ತಿದರೆ ಮೂರನೆಯದು ಕಂಪ್ಯೂಟರ್‌ಗೆ ತಲುಪೋದೇ ಇಲ್ಲ. ಆಟದ ತಪ್ಪು ಅಂತ ಬೈಯೋಕೆ ಮೊದಲು ಇದನ್ನೊಂದು ನೋಡಿಕೊಳ್ಳಿ.

ರೆಡ್ ಡೆಡ್ ರಿಡೆಂಪ್ಶನ್ 2 ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಎರಡೂ ಕಡೆಯ ಒಳ್ಳೆಯದು ಕೆಟ್ಟದ್ದು ಎಲ್ಲ ಅದರಲ್ಲಿದೆ. ಪಿಸಿಗೆ ಬಂದದ್ದು 2019ರ ನವೆಂಬರ್‌ನಲ್ಲಿ. ಕುದುರೆ ಜೋರಾಗಿ ಓಡಬೇಕಾದರೆ ಪ್ಯಾಡ್‌ನಲ್ಲಿ ಒಂದು ಬಟನ್ ಅನ್ನು ಕುದುರೆಯ ಹೆಜ್ಜೆಯ ಲಯಕ್ಕೆ ಒತ್ತುತ್ತಾ ಇರಬೇಕು. ಹೆಬ್ಬೆರಳಿಗೆ ಅದು ಹಿತವಾಗಿಯೇ ಇದೆ, ಕುದುರೆ ಮೇಲೆ ಕೂತ ಅನುಭವ ಕೊಡುತ್ತದೆ. ಪಿಸಿಯಲ್ಲಿ ಅದೇ ಕೆಲಸ ಶಿಫ್ಟ್ ಕೀಗೆ ಬಂತು. ಈಗ ವಿಂಡೋಸ್‌ನಲ್ಲಿ ಶಿಫ್ಟ್ ಅನ್ನು ಐದು ಸಲ ಒತ್ತಿದರೆ ಏನಾಗುತ್ತದೆ ಗೊತ್ತಲ್ವಾ? ಸ್ಟಿಕಿ ಕೀಸ್ (ಶಿಫ್ಟ್‌ನಂಥ ಕೀಗಳನ್ನು ಹಿಡಿದುಕೊಳ್ಳದೆ ಒಂದೊಂದಾಗಿ ಒತ್ತುವ ಸೌಲಭ್ಯ) ಬೇಕಾ ಅಂತ ಕೇಳುವ ಕಿಟಕಿ. ಹಿಂದೆ ಗುಂಡು ಹಾರಿಸುತ್ತಾ ಅಟ್ಟಿಸಿಕೊಂಡು ಬರುತ್ತಿದ್ದಾರೆ, ನೀವು ಜೀವ ಉಳಿಸಿಕೊಳ್ಳೋಕೆ ಶಿಫ್ಟ್ ಕುಟ್ಟುತ್ತಿದ್ದೀರಿ, ಟುಂಯ್ ಅಂತ ಕಿಟಕಿ ಎದ್ದು ಆಟ ಹಿಂದೆ ಹೋಗುತ್ತದೆ. ವಿಂಡೋಸ್ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಭಾಗದಲ್ಲಿ ಆ ಶಾರ್ಟ್‌ಕಟ್ ಆಫ್ ಮಾಡಿದರೆ ಮುಗಿಯಿತು, ಆದರೆ ಮೊದಲ ಸಲ ಆದಾಗ ಬರೋ ಸಿಟ್ಟು ಬಂದೇ ಬರುತ್ತದೆ.

ಅದೇ ಆಟದಲ್ಲಿ ಕುದುರೆಯಿಂದ ಇಳಿದು ಬಂದೂಕು ತೆಗೆದ ಕೂಡಲೇ ಮೌಸ್ ಮೇಲುಗೈ. ಪ್ಯಾಡ್‌ನಲ್ಲಿ ಗುರಿ ಬಟನ್ ಒತ್ತಿದರೆ ಹತ್ತಿರದವನ ಮೇಲೆ ಗುರಿ ತಾನಾಗೇ ಹೋಗಿ ಕೂರುತ್ತದೆ, ನೀವು ಸ್ವಲ್ಪ ಮೇಲೆ ಎತ್ತಿ ತಲೆಗೆ ಹೊಡೆಯೋದಷ್ಟೇ. ಹತ್ತು ಜನ ಬಂದರೂ ಅದೇ ಅದೇ. ಮೌಸ್‌ನಲ್ಲಿ ಪ್ರತಿಯೊಂದು ಗುಂಡೂ ನಿಮ್ಮದೇ, ತಪ್ಪಿದರೂ ನಿಮ್ಮದೇ. ನನಗೆ ಅದೇ ಇಷ್ಟ. ಹಾಗಾಗಿ ಇಂಥ ಆಟಗಳಲ್ಲಿ ನಾನು ಎರಡನ್ನೂ ಮೇಜಿನ ಮೇಲೆ ಇಟ್ಟುಕೊಂಡು ಆಡುತ್ತೇನೆ. ಓಡಾಟ, ಕುದುರೆ, ಕಾರು ಎಲ್ಲ ಪ್ಯಾಡ್‌ನಲ್ಲಿ. ಗಲಾಟೆ ಶುರುವಾದ ಕೂಡಲೇ ಪ್ಯಾಡ್ ತೊಡೆ ಮೇಲೆ, ಕೈ ಮೌಸ್ ಮೇಲೆ. ಜಿಟಿಎ 5 ಪಿಸಿಗೆ 2015ರಲ್ಲಿ ಬಂದಾಗಿನಿಂದ ಈ ಬದಲಾವಣೆ ಯಾವ ಮೆನುಗೂ ಹೋಗದೆ ಆಗುತ್ತದೆ. ನೋಡುವವರಿಗೆ ಹುಚ್ಚಾಟ ಅನಿಸಬಹುದು, ಒಂದು ವಾರದಲ್ಲಿ ಕೈಗೆ ರೂಢಿ ಆಗುತ್ತದೆ.

ತಾನಾಗೇ ಗುರಿ ಹಿಡಿಯೋ ಮಾತು ಬಂತಲ್ಲ. ಏಮ್ ಅಸಿಸ್ಟ್ ಅಂದರೆ ಮೋಸ ಅಂತ ಮೌಸ್‌ನವರು ಬೈಯುತ್ತಾರೆ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿದರೆ ಬೈಗುಳ ಸ್ವಲ್ಪ ಕಮ್ಮಿ ಆದೀತು. ಗುರಿ ಶತ್ರುವಿನ ಮೇಲೆ ಹಾಯುವಾಗ ಸ್ಟಿಕ್‌ನ ವೇಗವನ್ನು ಆಟ ತಗ್ಗಿಸುತ್ತದೆ, ಅವನು ಪಕ್ಕಕ್ಕೆ ಓಡಿದರೆ ಕ್ಯಾಮೆರಾವನ್ನು ಅವನ ಜೊತೆ ಚೂರು ತಿರುಗಿಸುತ್ತದೆ. 2001ರ ಹೇಲೋದಿಂದ ಈಚೆಗೆ ಕನ್ಸೋಲ್‌ನ ಬಂದೂಕಿನ ಆಟಗಳೆಲ್ಲ ಹೆಚ್ಚು ಕಮ್ಮಿ ಇದರ ಮೇಲೇ ನಿಂತಿವೆ. ಅದಿಲ್ಲದೆ ಒಂದು ಹೆಬ್ಬೆರಳಿನಿಂದ ಓಡುವವನಿಗೆ ಹೊಡೆಯೋದು ಕಷ್ಟ. ಒಬ್ಬರೇ ಆಡುವ ಆಟದಲ್ಲಿ ಇದರ ಬಗ್ಗೆ ತಲೆ ಕೆಡಿಸಿಕೊಳ್ಳೋದು ಸುಮ್ನೆ. ಎದುರಾಳಿ ಮನುಷ್ಯನಾಗಿರುವ ಆನ್‌ಲೈನ್ ಆಟದಲ್ಲಿ ಮಾತ್ರ ಪ್ರಶ್ನೆ ನಿಜ, ಅಲ್ಲಿ ಹತ್ತಿರದ ಕಾಳಗದಲ್ಲಿ ಆಟವೇ ಕ್ಯಾಮೆರಾ ತಿರುಗಿಸಿಕೊಡೋದು ಮನುಷ್ಯನ ಕಣ್ಣಿಗಿಂತ ಬೇಗ ಆಗಿಬಿಡುತ್ತದೆ. ಆಡುವವರನ್ನು ಅವರು ಹಿಡಿದ ಸಾಧನ ನೋಡಿ ಬೇರೆ ಬೇರೆ ಗುಂಪಿಗೆ ಹಾಕೋದು ಒಳ್ಳೆಯ ಉಪಾಯ ಅಂತ ನನಗನಿಸುತ್ತದೆ.

ಯಾರೂ ಜಾಸ್ತಿ ಹೇಳದ ಇನ್ನೊಂದು ವಿಷಯ ಇದೆ. ಕನ್ಸೋಲ್‌ಗೆ ಅಂತ ಕಟ್ಟಿದ ಆಟದಲ್ಲಿ ಶತ್ರುಗಳನ್ನೂ ಸ್ಟಿಕ್ ನೋಡಿಯೇ ಮಾಡಿರುತ್ತಾರೆ. ಅವರು ಒಂದೇ ಕಡೆಯಿಂದ ಬರುತ್ತಾರೆ, ನಿಧಾನಕ್ಕೆ ಬರುತ್ತಾರೆ, ಮರೆಯಿಂದ ತಲೆ ಎತ್ತಿ ನಿಮಗೆ ಗುರಿ ಇಡೋಕೆ ಬೇಕಾದಷ್ಟು ಹೊತ್ತು ಕೊಡುತ್ತಾರೆ. ಅಂಥ ಆಟಕ್ಕೆ ಚೆನ್ನಾದ ಮೌಸ್ ಸಿಕ್ಕಿತು ಅಂದುಕೊಳ್ಳಿ, ಎಲ್ಲರೂ ತಲೆ ಎತ್ತಿದ ಹಾಗೇ ಉರುಳುತ್ತಾರೆ. ಭಯ ಹುಟ್ಟಿಸಬೇಕಾದ ಆಟ ಗುಂಡು ಹೊಡೆಯೋ ಅಭ್ಯಾಸದ ಹಾಗೆ ಆಗಿಬಿಡುತ್ತದೆ. ಹಾಗಾಗಿ ಹಾರರ್ ಆಟಗಳನ್ನು ಮೌಸ್‌ನಲ್ಲಿ ಆಡುವಾಗ ನಾನು ಕಷ್ಟದ ಮಟ್ಟವನ್ನು ಒಂದು ಮೆಟ್ಟಿಲು ಮೇಲಿಡುತ್ತೇನೆ. ಪ್ಯಾಡ್‌ನಲ್ಲಾದರೆ ಅವರು ಇಟ್ಟದ್ದೇ ಸರಿ.

ಹೊಸ ಪೋರ್ಟ್‌ಗಳು ಒಟ್ಟಾರೆ ಬಹಳ ಸುಧಾರಿಸಿವೆ. ಸೋನಿಯ ಆಟಗಳು ಪಿಸಿಗೆ ಬರೋಕೆ ಶುರುವಾದ ಮೇಲೆ, ಗಾಡ್ ಆಫ್ ವಾರ್ 2022ರ ಜನವರಿಯಲ್ಲಿ, ಸ್ಪೈಡರ್‌ಮ್ಯಾನ್ ಅದೇ ವರ್ಷ, ಘೋಸ್ಟ್ ಆಫ್ ಸುಶಿಮಾ 2024ರಲ್ಲಿ, ಮೌಸ್ ಅನ್ನು ಮೌಸ್ ಅಂತಲೇ ನಡೆಸಿಕೊಂಡಿದ್ದಾರೆ, ಕೀಗಳನ್ನೆಲ್ಲ ಬದಲಾಯಿಸಬಹುದು. ಆದರೂ ಸ್ಪೈಡರ್‌ಮ್ಯಾನ್‌ನಲ್ಲಿ ಟ್ರಿಗ್ಗರ್ ಹಿಡಿದು ಬಿಟ್ಟು ಜೋತಾಡುತ್ತಾ ಹೋಗೋ ಖುಷಿ ಶಿಫ್ಟ್ ಕೀಯಲ್ಲಿ ಸಿಗೋದಿಲ್ಲ. ಎಡವಟ್ಟುಗಳೂ ಪೂರ್ತಿ ಹೋಗಿಲ್ಲ. ದಿ ಲಾಸ್ಟ್ ಆಫ್ ಅಸ್ ಮೊದಲ ಭಾಗ 2023ರ ಮಾರ್ಚ್‌ನಲ್ಲಿ ಬಂದಾಗ ಮೌಸ್‌ನಿಂದ ಕ್ಯಾಮೆರಾ ತಿರುಗಿಸಿದರೆ ಚಿತ್ರ ನಡುಗುತ್ತಿತ್ತು, ಅದೇ ಜಾಗದಲ್ಲಿ ಪ್ಯಾಡ್ ಹಿಡಿದರೆ ನುಣ್ಣಗೆ. ಆಮೇಲೆ ಪ್ಯಾಚ್‌ನಲ್ಲಿ ಸರಿಮಾಡಿದರು.

ಮೆನುಗಳ ಬಗ್ಗೆ ಎರಡೇ ಮಾತು. ಕ್ಲಿಕ್ ಮಾಡಿದರೆ ಆಗೋ ಕೆಲಸಕ್ಕೆ ಕೀ ಒತ್ತಿ ಹಿಡಿದು ವೃತ್ತ ತುಂಬೋವರೆಗೆ ಕಾಯಿಸೋದು ನನಗೆ ಸಿಟ್ಟು ಬರಿಸುವಷ್ಟು ಇನ್ಯಾವುದೂ ಬರಿಸೋದಿಲ್ಲ. 2011ರ ಸ್ಕೈರಿಮ್‌ನಲ್ಲಿ ಮಾತಿನ ಪಟ್ಟಿಯಲ್ಲಿ ಒಂದು ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಇನ್ನೊಂದು ಸಾಲು ಆಯ್ಕೆ ಆಗೋದಿತ್ತು, ಸಾಮಾನಿನ ಪಟ್ಟಿಯಂತೂ ದೂರದ ಟಿವಿಗೆ ಅಂತ ಮಾಡಿದ್ದು. ಸ್ಕೈಯುಐ ಅನ್ನೋ ಮಾಡ್ ಅಷ್ಟು ಹೆಸರು ಮಾಡಿದ್ದು ಸುಮ್ನೆ ಅಲ್ಲ.

ಈ ಇಡೀ ಜಗಳಕ್ಕೆ ನಡುವೆ ಒಂದು ದಾರಿ ಇದೆ, ಅದು ಜೈರೋ. ಪ್ಯಾಡ್ ಅನ್ನೇ ಗಾಳಿಯಲ್ಲಿ ಚೂರು ವಾಲಿಸಿ ಗುರಿ ಸರಿಮಾಡೋದು. ಕೈಗೆ ಹೊಸದಾದಾಗ ಚೇಷ್ಟೆ ಅನಿಸುತ್ತದೆ, ಗುರಿ ಎಲ್ಲೆಲ್ಲೋ ಓಡುತ್ತದೆ. ಇದರ ಗುಟ್ಟು ಇಷ್ಟೇ: ದೊಡ್ಡ ತಿರುವು ಸ್ಟಿಕ್‌ನಿಂದ, ಕೊನೆಯ ಕೂದಲೆಳೆಯಷ್ಟು ಸರಿಪಡಿಸೋದು ಮಣಿಕಟ್ಟಿನಿಂದ. ಗುರಿ ಬಟನ್ ಹಿಡಿದಾಗ ಮಾತ್ರ ಜೈರೋ ಆನ್ ಆಗುವ ಹಾಗೆ ಇಟ್ಟುಕೊಂಡರೆ ಕೂತಲ್ಲಿ ಹೊರಳಾಡಿದರೂ ಕ್ಯಾಮೆರಾ ಅಲ್ಲಾಡೋದಿಲ್ಲ. ಇದು ಮೌಸ್‌ನ ಹಾಗೆಯೇ "ಇಷ್ಟು ದೂರ ತಿರುಗು" ಅನ್ನೋ ಲೆಕ್ಕ, ಅದಕ್ಕೇ ಸ್ಟಿಕ್‌ಗಿಂತ ನಿಖರ. ಆಟದಲ್ಲೇ ಜೈರೋ ಇಲ್ಲದಿದ್ದರೂ ಸ್ಟೀಮ್‌ನಲ್ಲೇ ಇರುವ ಸ್ಟೀಮ್ ಇನ್‌ಪುಟ್ ಅನ್ನೋ ಸೌಲಭ್ಯದ ಮೂಲಕ ಅದನ್ನು ಮೌಸ್ ಥರ ಕಳಿಸಬಹುದು. ಆದರೆ ಒಂದು ಸಾಧನ ಮುಟ್ಟಿದರೆ ಇನ್ನೊಂದನ್ನು ಬಿಟ್ಟುಬಿಡುವ ಆಟಗಳಲ್ಲಿ ಇದು ಕೈಕೊಡುತ್ತದೆ. ಸ್ಟಿಕ್ ಪ್ಯಾಡ್‌ನದು, ಜೈರೋ ಮೌಸ್‌ನದು ಅಂತ ಎರಡರ ನಡುವೆ ಓಲಾಡಿ, ಪರದೆ ಮೇಲಿನ ಬಟನ್ ಚಿತ್ರಗಳು ಹುಚ್ಚು ಹಿಡಿದ ಹಾಗೆ ಮಿನುಗುತ್ತವೆ, ನಡಿಗೆ ಮುಗ್ಗರಿಸುತ್ತದೆ. ಪೋರ್ಟ್ ಮಾಡುವವರು ಎರಡೂ ಸಾಧನ ಒಟ್ಟಿಗೆ ಬರಲಿ ಅಂತ ಬಿಟ್ಟರೆ ಎಷ್ಟೋ ಜನರಿಗೆ ಉಪಕಾರ.

ಈಗ ಪ್ಯಾಡ್ ಕೊಳ್ಳುವ ಯೋಚನೆ ಇದ್ದರೆ ನೋಡಬೇಕಾದ್ದು ಮೂರು ಸಂಗತಿ. ಜೈರೋ ಇದೆಯಾ? ಸೋನಿಯ ಡ್ಯುಯಲ್‌ಶಾಕ್ 4, ಡ್ಯುಯಲ್‌ಸೆನ್ಸ್, ನಿಂಟೆಂಡೊದ ಸ್ವಿಚ್ ಪ್ರೊ ಪ್ಯಾಡ್‌ಗಳಲ್ಲಿ ಇದೆ, ಎಕ್ಸ್‌ಬಾಕ್ಸ್ ಪ್ಯಾಡ್‌ನಲ್ಲಿ ಇಲ್ಲ. ಎಕ್ಸ್‌ಬಾಕ್ಸ್ ಪ್ಯಾಡ್‌ನ ಗುಣ ಏನೆಂದರೆ 2005ರ ಎಕ್ಸ್‌ಬಾಕ್ಸ್ 360ಯಿಂದ ಬಂದ ಎಕ್ಸ್‌ಇನ್‌ಪುಟ್ ಪದ್ಧತಿಯನ್ನು ಹೆಚ್ಚು ಕಮ್ಮಿ ಎಲ್ಲ ಪಿಸಿ ಆಟಗಳೂ ಗುರುತಿಸುತ್ತವೆ, ತಂತಿ ಚುಚ್ಚಿದರೆ ಕೆಲಸ ಆಯಿತು. ಸ್ಟಿಕ್ ಯಾವ ಬಗೆಯದು? ಹೆಚ್ಚಿನ ಪ್ಯಾಡ್‌ಗಳಲ್ಲಿ ಒಳಗೆ ಉಜ್ಜುವ ಭಾಗ ಇದ್ದು ಅದು ಸವೆದಂತೆ, ಯಾರೂ ಮುಟ್ಟದಿದ್ದರೂ ಕ್ಯಾಮೆರಾ ತಾನೇ ಜಾರೋಕೆ ಶುರು ಮಾಡುತ್ತದೆ. ಅಯಸ್ಕಾಂತ ಬಳಸುವ ಹಾಲ್ ಎಫೆಕ್ಟ್ ಸ್ಟಿಕ್‌ಗಳಲ್ಲಿ ಆ ಸವೆತ ಇಲ್ಲ. ಮೂರನೆಯದು, ಡ್ಯುಯಲ್‌ಸೆನ್ಸ್‌ನ ಬಿಗಿಯಾಗುವ ಟ್ರಿಗ್ಗರ್‌ಗೆ ಮಾರುಹೋಗಿ ಕೊಳ್ಳುವವರು ಗಮನಿಸಿ: ಪಿಸಿಯಲ್ಲಿ ಬಹಳಷ್ಟು ಆಟಗಳಲ್ಲಿ ಅದು ಕೆಲಸ ಮಾಡೋದು ಯುಎಸ್‌ಬಿ ತಂತಿ ಹಾಕಿದಾಗ ಮಾತ್ರ, ಬ್ಲೂಟೂತ್‌ನಲ್ಲಿ ಅದು ಮಾಮೂಲಿ ಟ್ರಿಗ್ಗರ್. ಪೆಟ್ಟಿಗೆಯಲ್ಲಿ ತಂತಿ ಇರುತ್ತದೆ ಅಂತಲೂ ಅಂದುಕೊಳ್ಳಬೇಡಿ, ಇಲ್ಲದಿದ್ದರೆ ಉದ್ದದ್ದೊಂದನ್ನು ಜೊತೆಗೇ ತೆಗೆದುಕೊಳ್ಳಿ.